ಸ್ವತಂತ್ರ ಆಯೋಗ, ಎರವಲು ಸಿಬ್ಬಂದಿ

ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕುಳಿತವರು ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ದೂರು ಒಂದೇ: ‘ವಿಧಾನಸಭೆಗೆ ಓಟು ಹಾಕಿದ್ದೇನೆ, ಪಂಚಾಯಿತಿ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲವಲ್ಲ ಸ್ವಾಮಿ?’ ಹತ್ತರಲ್ಲಿ ಎಂಟು ಮಂದಿಯ ಹೆಸರು ಇದ್ದೇ ಇರುತ್ತದೆ, ಆದರೆ ಪಕ್ಕದ ವಾರ್ಡಿನಲ್ಲಿ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಚುನಾವಣೆಗಳ ಹೊಣೆ ರಾಜ್ಯ ಚುನಾವಣಾ ಆಯೋಗದ್ದು. 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದಾಗ ಸಂವಿಧಾನವೇ ಇದನ್ನು ಬೇರೆ ಸಂಸ್ಥೆಯಾಗಿ ನಿಲ್ಲಿಸಿತು. ಎರಡೂ ಒಂದೇ ಎಂದು ನಂಬಿದವರಲ್ಲಿ ಸರ್ಕಾರಿ ನೌಕರರೂ ಕಡಿಮೆಯಿಲ್ಲ.

ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ವಾರ್ಡುವಾರು ಪಟ್ಟಿ ಸಿದ್ಧಪಡಿಸುತ್ತೇವೆ. ಹೇಳಲು ಸುಲಭ. ಹಳ್ಳಿಯಲ್ಲಿ ಮನೆ ನಂಬರುಗಳು ಸಾಲಾಗಿ ಬರುವುದಿಲ್ಲ. ಹದಿನಾಲ್ಕರ ಪಕ್ಕದಲ್ಲಿ ನೂರಾ ಎರಡು ಇರುತ್ತದೆ, ಅಣ್ಣ ತಮ್ಮಂದಿರು ಭಾಗವಾದ ಮನೆಗೆ ಹಳೆಯ ನಂಬರೇ ಇರುತ್ತದೆ. ಗಡಿ ಹಾದುಹೋಗುವುದು ರಸ್ತೆಯ ನಡುವೆ, ಪಟ್ಟಿಯಲ್ಲಿ ಇರುವುದು ಬರೀ ನಂಬರು. ಐದಾರು ಮತಗಳ ಅಂತರದಲ್ಲಿ ಗೆಲುವು ಸೋಲು ತೀರ್ಮಾನವಾಗುವ ವಾರ್ಡಿನಲ್ಲಿ ಎರಡು ಮನೆಗಳು ಆಚೀಚೆಯಾದರೂ ಸಾಕು, ಫಲಿತಾಂಶ ಅಲ್ಲಿಯೇ ಬದಲಾಗಿಬಿಡುತ್ತದೆ.

ಕರಡು ಪಟ್ಟಿ ಪ್ರಕಟವಾದ ಮೇಲಿನ ಆಕ್ಷೇಪಣೆಯ ದಿನಗಳೇ ನಮಗೆ ನಿಜವಾದ ಚುನಾವಣೆ. ಅಲ್ಲಿ ನಾನು ಕಲಿತದ್ದು ಒಂದಿದೆ. ತನ್ನ ಹೆಸರು ತಪ್ಪಿದೆ ಎಂದು ಬರುವವರು ಒಬ್ಬರೇ ಬರುತ್ತಾರೆ, ಗುರುತಿನ ಚೀಟಿ ಹಿಡಿದು, ಸ್ವಲ್ಪ ಅಳುಕುತ್ತಲೇ. ಇಡೀ ಬೀದಿಯನ್ನು ಆ ವಾರ್ಡಿನಿಂದ ಈ ವಾರ್ಡಿಗೆ ಹಾಕಿ ಎಂದು ಬರುವವರ ಮಾತಿನಲ್ಲಿ ಅಳುಕು ಇರುವುದಿಲ್ಲ, ಆ ಬೀದಿಯಲ್ಲಿ ಅವರ ಮನೆಯೂ ಇರುವುದಿಲ್ಲ. ಮೊದಲನೆಯವರ ಅರ್ಜಿಯನ್ನು ಅಲ್ಲೇ ಬರೆಸಿಕೊಳ್ಳುತ್ತೇನೆ. ಎರಡನೆಯವರಿಗೆ, ಪ್ರತಿಯೊಬ್ಬ ಮತದಾರರಿಂದಲೂ ಪ್ರತ್ಯೇಕ ಅರ್ಜಿ ತನ್ನಿ, ಗ್ರಾಮ ಆಡಳಿತಾಧಿಕಾರಿ ಸ್ಥಳ ತನಿಖೆ ಮಾಡುತ್ತಾರೆ ಎನ್ನುತ್ತೇನೆ. ಅವರು ಮತ್ತೆ ಬರುವುದು ಅಪರೂಪ.

ಸಂವಿಧಾನದ 243ಕೆ ವಿಧಿ ಮತದಾರರ ಪಟ್ಟಿ ತಯಾರಿ ಮತ್ತು ಚುನಾವಣೆ ನಡೆಸುವ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣವನ್ನು ಆಯೋಗಕ್ಕೆ ವಹಿಸುತ್ತದೆ. ಆಯುಕ್ತರನ್ನು ನೇಮಿಸುವವರು ರಾಜ್ಯಪಾಲರು, ತೆಗೆಯಬೇಕಾದರೆ ಹೈಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಠಿಣ ದಾರಿ ಹಿಡಿಯಬೇಕು. ಅದೇ ವಿಧಿಯ ಮೂರನೇ ಖಂಡ, ಆಯೋಗ ಕೇಳಿದಾಗ ಬೇಕಾದ ಸಿಬ್ಬಂದಿಯನ್ನು ರಾಜ್ಯಪಾಲರು ಒದಗಿಸಬೇಕು ಎನ್ನುತ್ತದೆ. ಆ ಸಿಬ್ಬಂದಿ ನಾವೇ. ಜಿಲ್ಲಾಧಿಕಾರಿ, ತಹಶೀಲ್ದಾರ್, ಶಾಲೆಯ ಮೇಷ್ಟ್ರು, ಮತಗಟ್ಟೆ ಸಿಬ್ಬಂದಿ ಸೇರಿ ಹೊರಡುವ ಮಸ್ಟರಿಂಗ್ ಕೇಂದ್ರದಲ್ಲಿ ಮತಪೆಟ್ಟಿಗೆ ಹೊರುವ ಗ್ರಾಮ ಸಹಾಯಕ, ಎಲ್ಲರೂ ರಾಜ್ಯ ಸರ್ಕಾರದ ಸಂಬಳದವರು. ಯಾರ ಪಕ್ಷದವರು ಊರೂರಿನಲ್ಲಿ ಸ್ಪರ್ಧಿಸುತ್ತಿದ್ದಾರೋ ಅವರದೇ ಸರ್ಕಾರ ನಮ್ಮ ವರ್ಗಾವಣೆ ಪಟ್ಟಿಗೂ ಸಹಿ ಹಾಕುತ್ತದೆ. ಆಯುಕ್ತರಿಗಿರುವ ರಕ್ಷಣೆ ಗುಮಾಸ್ತನಿಗಿಲ್ಲ.

ಇದಕ್ಕೆ ನಮ್ಮ ಹಿಂದಿನ ಶಿರಸ್ತೇದಾರರು ಕಂಡುಕೊಂಡಿದ್ದ ಉಪಾಯ ತೀರ ಸರಳ. ನೀತಿ ಸಂಹಿತೆ ಜಾರಿಯಾದ ದಿನದಿಂದ ಯಾವ ದೂರವಾಣಿ ಕರೆ ಬಂದರೂ ಅವರ ಉತ್ತರ ಒಂದೇ: ‘ಆಗಲಿ ಸಾರ್, ಲಿಖಿತವಾಗಿ ಕಳುಹಿಸಿಕೊಡಿ, ಇಂದೇ ಕಡತದಲ್ಲಿ ಮಂಡಿಸುತ್ತೇನೆ.’ ದನಿಯಲ್ಲಿ ವಿನಯ ಕಿಂಚಿತ್ತೂ ಕಡಿಮೆಯಾಗುತ್ತಿರಲಿಲ್ಲ. ಲಿಖಿತವಾಗಿ ಬಂದವು ಬೆರಳೆಣಿಕೆಯಷ್ಟು, ಬಂದವಕ್ಕೆ ನಿಯಮ ನೋಡಿ ಉತ್ತರ ಹೋಗುತ್ತಿತ್ತು. ನಾಮಪತ್ರ ಸ್ವೀಕರಿಸುವಾಗಲೂ ಹಾಗೆಯೇ, ದಿನಾಂಕದ ಜತೆ ಗಂಟೆ, ನಿಮಿಷವನ್ನು ಅಭ್ಯರ್ಥಿಯ ಎದುರಲ್ಲೇ ಬರೆಯುತ್ತಿದ್ದರು. ಧೈರ್ಯವಂತರೆಂದು ಅವರನ್ನು ಯಾರೂ ಹೊಗಳಲಿಲ್ಲ. ಎರವಲು ಹೋದ ನೌಕರನ ಧೈರ್ಯವೆಲ್ಲ ಕಾಗದದ ಮೇಲಿರಬೇಕು ಎಂಬುದನ್ನು ನಾನು ಅವರಿಂದಲೇ ಕಲಿತೆ.

ಎಣಿಕೆಯ ಬಗ್ಗೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಒಂದೇ ವಾರ್ಡಿಗೆ ಒಂದಕ್ಕಿಂತ ಹೆಚ್ಚು ಸ್ಥಾನಗಳಿರಬಹುದು. ಮೂರು ಸ್ಥಾನವಿದ್ದರೆ ಪ್ರತಿ ಮತದಾರನಿಗೂ ಮೂರು ಮತ, ಎಲ್ಲವೂ ಒಂದೇ ಮತಪತ್ರದಲ್ಲಿ. ಕಡಿಮೆ ಮುದ್ರೆ ಒತ್ತಿದರೆ ತೊಂದರೆಯಿಲ್ಲ, ನಾಲ್ಕನೆಯದು ಬಿದ್ದರೆ ಇಡೀ ಮತಪತ್ರ ತಿರಸ್ಕೃತ. ಅಭ್ಯರ್ಥಿಗೊಂದು ಕಟ್ಟು ಮಾಡಿ ಎಣಿಸಲು ಆಗುವುದಿಲ್ಲ, ಒಂದೇ ಕಾಗದದಲ್ಲಿ ಮೂವರ ಮತಗಳಿರುತ್ತವೆ. ಒಬ್ಬರು ಮತಪತ್ರ ಎತ್ತಿ ಹಿಡಿದು ‘ಆಟೋ, ಹೊಲಿಗೆ ಯಂತ್ರ, ಟ್ರ್ಯಾಕ್ಟರ್’ ಎಂದು ಕೂಗಬೇಕು, ಇನ್ನೊಬ್ಬರು ಹಾಳೆಯಲ್ಲಿ ಗೆರೆ ಎಳೆಯಬೇಕು, ಎದುರಿಗಿರುವ ಏಜೆಂಟರು ಕತ್ತು ಚಾಚಿ ಎರಡನ್ನೂ ನೋಡುತ್ತಿರಬೇಕು. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದ ಮುದ್ರೆ, ಮಡಿಸುವಾಗ ಶಾಯಿ ಹತ್ತಿ ಎದುರು ಭಾಗದಲ್ಲಿ ಮೂಡಿದ ತಿರುಗು ಮುದ್ರೆ: ಇಂಥ ಕಾಗದ ಬಂದಾಗ ಮೇಜಿನ ಸುತ್ತ ಉಸಿರೇ ನಿಲ್ಲುತ್ತದೆ. ಬೇಕೆಂದೇ ಅದನ್ನು ಮೇಲೆತ್ತಿ, ಮಡಿಕೆಯ ಗೆರೆಗೆ ಸರಿಯಾಗಿ ಮತ್ತೆ ಮಡಿಸಿ ತೋರಿಸುತ್ತೇವೆ, ಒತ್ತಿದ್ದು ಯಾವುದು, ಹತ್ತಿದ್ದು ಯಾವುದು ಎಂದು. ಸೋತವನ ಏಜೆಂಟ್ ಅದನ್ನು ಕಂಡು ತಲೆಯಾಡಿಸಿದರೆ ಮುಂದೆ ತಕರಾರು ಬರುವುದಿಲ್ಲ. ಮತಗಳು ಸಮವಾದರೆ ಚೀಟಿ ಎತ್ತುವುದು, ಅದೂ ಎಲ್ಲರ ಕಣ್ಣೆದುರಿಗೇ.

ಆಯೋಗದ ಕೈ ಎಟುಕದ ಜಾಗಗಳೂ ಇವೆ. 2020ರ ಡಿಸೆಂಬರ್‌ನಲ್ಲಿ ಕೋವಿಡ್ ನಡುವೆಯೇ ಎರಡು ಹಂತಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ, ಕೆಲವೆಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂತು. ಕ್ರಮ ಜರುಗಿಸುವುದಾಗಿ ಆಯೋಗ ಎಚ್ಚರಿಸಿತು. ಆದರೆ ಚುನಾವಣಾಧಿಕಾರಿಯ ಮೇಜಿಗೆ ಹರಾಜು ಬರುವುದಿಲ್ಲ. ಕ್ರಮಬದ್ಧವಾದ ಒಂದೇ ಒಂದು ನಾಮಪತ್ರ ಬರುತ್ತದೆ, ಅವಿರೋಧ ಆಯ್ಕೆ ಎಂದು ಘೋಷಿಸಬೇಕಾಗುತ್ತದೆ. ದೂರು ಕೊಡುವವರು ಯಾರೂ ಇಲ್ಲದ ಊರಿನಲ್ಲಿ ನಿಯಮ ಪುಸ್ತಕ ಮೂಕವಾಗುತ್ತದೆ.

ಇನ್ನೂ ದೊಡ್ಡ ಸಂಗತಿ ಮತದಾನಕ್ಕಿಂತ ಬಹಳ ಮೊದಲೇ ನಡೆದುಹೋಗುತ್ತದೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಪಂಚಾಯಿತಿಗಳಿಗೆ 243ಇ ವಿಧಿಯೂ ನಗರ ಸಂಸ್ಥೆಗಳಿಗೆ 243ಯು ವಿಧಿಯೂ ಹೇಳುತ್ತವೆ. ಇದನ್ನು ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿತು. ತನ್ನ ವ್ಯಾಪ್ತಿಯಲ್ಲಿ ರಾಜ್ಯ ಆಯೋಗಕ್ಕೆ ಭಾರತ ಚುನಾವಣಾ ಆಯೋಗದಷ್ಟೇ ಅಧಿಕಾರವಿದೆ ಎಂದೂ ಹೇಳಿತು. 2020ರಲ್ಲಿ ಆಂಧ್ರಪ್ರದೇಶದ ಆಯುಕ್ತರು ಕೋವಿಡ್ ಕಾರಣಕ್ಕೆ ಚುನಾವಣೆ ಮುಂದೂಡಿದಾಗ, ಸರ್ಕಾರ ಸುಗ್ರೀವಾಜ್ಞೆ ತಂದು ಅವರ ಅವಧಿಯನ್ನೇ ಮೊಟಕುಗೊಳಿಸಿತು. ಹೈಕೋರ್ಟ್ ಅದನ್ನು ರದ್ದುಪಡಿಸಿತು, ಅವರು ಹುದ್ದೆಗೆ ಮರಳಿದರು. 2021ರ ಆರಂಭದಲ್ಲಿ ಅವರು ಪಂಚಾಯಿತಿ ಚುನಾವಣೆ ಘೋಷಿಸಿದಾಗ ಅಸಹಕಾರದ ಮಾತೆತ್ತಿದ್ದು ನೌಕರರ ಸಂಘಗಳು. ಸುಪ್ರೀಂ ಕೋರ್ಟ್ ತಡೆ ನೀಡಲು ಒಪ್ಪದ ಮೇಲೆ ಮತದಾನ ನಡೆಯಿತು. ನಮ್ಮಂಥವರು ಆ ಪ್ರಸಂಗವನ್ನು ಬೇರೆಯದೇ ಕಣ್ಣಿನಿಂದ ಓದಿದೆವು. ಅದೇ ವರ್ಷದ ಮಾರ್ಚ್‌ನಲ್ಲಿ ಗೋವಾ ಪ್ರಕರಣದಲ್ಲಿ, ಸರ್ಕಾರದ ಹುದ್ದೆಯಲ್ಲಿರುವ ಅಧಿಕಾರಿಗೆ ಚುನಾವಣಾ ಆಯುಕ್ತರ ಹೊಣೆಯನ್ನು ಹೆಚ್ಚುವರಿಯಾಗಿ ವಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ನಮ್ಮಲ್ಲಿ ಆಯುಕ್ತರನ್ನು ಯಾರೂ ಮುಟ್ಟಲಿಲ್ಲ. 2016ರ ಫೆಬ್ರುವರಿಯಲ್ಲಿ ಚುನಾಯಿತವಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಯೋಗ ಕ್ಷೇತ್ರಗಳನ್ನೂ ಕರಡು ಮೀಸಲಾತಿಯನ್ನೂ ಸಿದ್ಧಪಡಿಸಿಕೊಂಡಿತ್ತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ತೆಗೆದು, ಸೀಮಾ ನಿರ್ಣಯಕ್ಕೆಂದೇ, ಅಂದರೆ ಕ್ಷೇತ್ರಗಳ ಗಡಿ ಗುರುತಿಸಲೆಂದೇ, ಬೇರೆ ಆಯೋಗ ರಚಿಸಲಾಯಿತು. ಕ್ಷೇತ್ರದ ಗಡಿ ಮತ್ತು ಮೀಸಲಾತಿ ಪಟ್ಟಿ ಬಾರದೆ ಅಧಿಸೂಚನೆ ಹೊರಡಿಸಲು ಬರುವುದಿಲ್ಲ. ಚುನಾವಣೆಯನ್ನು ನಿಲ್ಲಿಸಿ ಎಂದು ಯಾರೂ ಆದೇಶ ಬರೆಯಬೇಕಾಗಿರಲಿಲ್ಲ, ಪಟ್ಟಿ ತಡವಾದರೆ ಸಾಕಾಗಿತ್ತು. ಬೆಂಗಳೂರಿನ ಪಾಲಿಕೆಯದೂ ಅದೇ ಕಥೆ: 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಆಡಳಿತಾಧಿಕಾರಿಗಳೇ ಅದನ್ನು ನಡೆಸುತ್ತ ಬಂದರು.

ಆದ್ದರಿಂದ ಶಾಖೆಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಕೊಡುವುದು ಮತಗಟ್ಟೆಯ ಕೈಪಿಡಿಯನ್ನಲ್ಲ. ವಾರ್ಡಿನ ಗಡಿ ನಕ್ಷೆ, ಹಿಂದಿನ ಎರಡು ಅವಧಿಗಳ ಮೀಸಲಾತಿ ಅಧಿಸೂಚನೆ, ಆಕ್ಷೇಪಣೆಗಳ ವಹಿ, ಈ ಮೂರನ್ನು ಎದುರಿಗಿಟ್ಟು, ಒಂದು ವಾರ್ಡನ್ನು ತೆಗೆದುಕೊಂಡು ಅದರ ಮೀಸಲಾತಿ ಸರದಿ, ಅಂದರೆ ಯಾವ ಅವಧಿಗೆ ಯಾವ ವರ್ಗಕ್ಕೆ ಮೀಸಲು ಎಂಬುದು, ಹೇಗೆ ಬಂದಿದೆ ಎಂದು ಬರೆಯಲು ಹೇಳುತ್ತೇನೆ. ಮತಪೆಟ್ಟಿಗೆಗೆ ಅರಗಿನ ಮುದ್ರೆ ಹಾಕುವುದನ್ನು ತರಬೇತಿಯ ದಿನ ಹೇಗೂ ಕಲಿಯುತ್ತಾರೆ.