ಚುಕ್ಕೆ ಇರುವ ಪ್ಯೂಮಾ

ಅರ್ಜೆಂಟೀನಾಕ್ಕೆ ಹೋಗಿ ಫುಟ್‌ಬಾಲ್ ಬಿಟ್ಟು ರಗ್ಬಿ ನೋಡಿಕೊಂಡು ಬಂದೆ ಅಂದರೆ ಮನೆಯಲ್ಲಿ ಇನ್ನೂ ನಗುತ್ತಾರೆ. ಏನು ಮಾಡಲಿ, ನಾನು ಬ್ಯೂನಸ್ ಐರಿಸ್‌ನಲ್ಲಿದ್ದಾಗಲೇ, 2025ರ ಆಗಸ್ಟ್ 23ಕ್ಕೆ, ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ಆಡಲು ಬಂದಿದ್ದರು. ಲೋಕಲ್ ರೈಲು ಹತ್ತಿ ಊರಿನ ಪಶ್ಚಿಮದ ಅಂಚಿನ ಲಿನಿಯರ್ಸ್‌ನಲ್ಲಿ ಇಳಿದೆ. ಆಗಸ್ಟ್ ಅಂದರೆ ಅಲ್ಲಿ ಚಳಿಗಾಲ. ಕೆಂಡದ ಮೇಲೆ ಸಾಸೇಜ್ ಸುಟ್ಟು ಬ್ರೆಡ್ಡಿನೊಳಗೆ ಇಟ್ಟುಕೊಡುವ ಚೋರಿಪಾನ್ ತಿಂದು ಒಳಗೆ ಹೋದೆ. ಪ್ಯೂಮಾಗಳು, ಅಂದರೆ ಅರ್ಜೆಂಟೀನಾ ರಗ್ಬಿ ತಂಡದವರು, 29-23ರಲ್ಲಿ ಗೆದ್ದರು. ಸ್ವಂತ ನೆಲದಲ್ಲಿ ಆಲ್ ಬ್ಲ್ಯಾಕ್ಸನ್ನು ಸೋಲಿಸಿದ್ದು ಅದೇ ಮೊದಲು! ರಗ್ಬಿ ನಿಯಮ ನನಗೆ ಅರ್ಧಂಬರ್ಧ ಗೊತ್ತು, ಆದರೂ ಕೂಗಿ ಕೂಗಿ ಗಂಟಲು ಕಟ್ಟಿತು.

ಮರುದಿನ ಸಾನ್ ತೆಲ್ಮೋದ ಭಾನುವಾರದ ಸಂತೆ. ಹಳೇ ಸಾಮಾನಿನ ರಾಶಿಯಲ್ಲಿ ಆ ತಂಡದ ತಿಳಿನೀಲಿ-ಬಿಳಿ ಪಟ್ಟೆಯ ಹಳೇ ಜೆರ್ಸಿ ಸಿಕ್ಕಿತು. ಎದೆ ಮೇಲೆ ದಾರದಲ್ಲಿ ಹೊಲಿದ ಪ್ರಾಣಿ. ಕಣ್ಣ ಹತ್ತಿರ ಹಿಡಿದು ನೋಡಿದರೆ ಮೈಮೇಲೆಲ್ಲ ಕಪ್ಪು ಚುಕ್ಕೆ. ಬೆಳೆದ ಪ್ಯೂಮಾಗೆ ಚುಕ್ಕೆ ಇರಲ್ಲ ಅಲ್ವಾ? ಬೆರಳಿಟ್ಟು "ಪ್ಯೂಮಾ?" ಅಂದೆ. ಅಂಗಡಿಯ ಅಜ್ಜ ತಲೆ ಅಲ್ಲಾಡಿಸಿ, "ಯಗ್ವಾರೆತೆ" ಅಂದರು. ಜಾಗ್ವಾರ್!

ಜಾಗ್ವಾರ್ ಹೋಗಿ ಪ್ಯೂಮಾ ಆದ ಕಥೆ 1965ರದು. ಅರ್ಜೆಂಟೀನಾ ತಂಡ ದಕ್ಷಿಣ ಆಫ್ರಿಕಾ ಪ್ರವಾಸ ಹೋಗಿತ್ತು. ಅಲ್ಲಿಯವರು ಸ್ಪ್ರಿಂಗ್‌ಬಾಕ್ಸ್, ಆಸ್ಟ್ರೇಲಿಯಾದವರು ವಾಲಬೀಸ್, ಇವರಿಗೆ ಮಾತ್ರ ಅಂಥ ಪ್ರಾಣಿಯ ಅಡ್ಡಹೆಸರಿಲ್ಲ. ಅಲ್ಲಿನ ಪತ್ರಕರ್ತರೊಬ್ಬರು ಜೆರ್ಸಿ ಮೇಲಿನ ಜಾಗ್ವಾರನ್ನು ಪ್ಯೂಮಾ ಅಂದುಕೊಂಡು ಹಾಗೇ ಬರೆದುಬಿಟ್ಟರು. ಆಫ್ರಿಕಾದಲ್ಲಿ ಎರಡೂ ಇಲ್ಲ, ಅವರನ್ನು ಬಯ್ಯುವುದು ಹೇಗೆ? ಅದೇ ಪ್ರವಾಸದಲ್ಲಿ ಜೊಹಾನೆಸ್‌ಬರ್ಗಿನ ಎಲ್ಲಿಸ್ ಪಾರ್ಕ್‌ನಲ್ಲಿ ಜೂನಿಯರ್ ಸ್ಪ್ರಿಂಗ್‌ಬಾಕ್ಸನ್ನು 11-6ರಲ್ಲಿ ಸೋಲಿಸಿದ್ದರಿಂದ, ತಪ್ಪು ಹೆಸರು ಗೆದ್ದ ಹೆಸರಾಗಿ ಅಂಟಿಕೊಂಡಿತು. ಸೋತಿದ್ದರೆ ಯಾರಿಗೆ ನೆನಪಿರುತ್ತಿತ್ತು, ಹೇಳಿ.

ಆಮೇಲೆ 2016ರಲ್ಲಿ ಸೂಪರ್ ರಗ್ಬಿ ಅನ್ನುವ ಹಲವು ದೇಶಗಳ ಟೂರ್ನಿಗೆ ಇಳಿದ ಅಲ್ಲಿನ ತಂಡಕ್ಕೆ ಜಾಗ್ವಾರೆಸ್ ಅಂತ ಸರಿಯಾದ ಹೆಸರನ್ನೇ ಇಟ್ಟರು. 2019ರಲ್ಲಿ ಫೈನಲ್‌ವರೆಗೂ ಹೋಯಿತು, 2020ರ ನಂತರ ಆ ಟೂರ್ನಿಯಲ್ಲೇ ಇಲ್ಲ. ಪ್ಯೂಮಾ ಹೆಸರಿಗೆ ಮಾತ್ರ ಏನೂ ಆಗಿಲ್ಲ.

ಜೆರ್ಸಿಗೆ ಚೌಕಾಸಿ ಮಾಡಿದೆ, ಅಜ್ಜ ಬಗ್ಗಲಿಲ್ಲ. ಮನೆಗೆ ತಂದು ಹಾಕಿಕೊಂಡರೆ ಹೊಟ್ಟೆ ಹತ್ತಿರ ಬಿಗಿ. ಈಗ ಮಗ ಹಾಕಿಕೊಳ್ಳುತ್ತಾನೆ. ಅದ್ಯಾವ ಪ್ರಾಣಿ ಅಂತ ಯಾರಾದರೂ ಕೇಳಿದರೆ ಚಿರತೆ ಅನ್ನುತ್ತಾನೆ.