ಅಜ್ಜನ ಕಪ್ಪು ಟ್ರಂಕು

ಪಕ್ಕದ ಮನೆಯ ಅಜ್ಜ 1971ರ ಯುದ್ಧದಲ್ಲಿ ಈಗಿನ ಬಾಂಗ್ಲಾದೇಶದ ಕಡೆ ಹೋರಾಡಿದವರು. ಡಿಸೆಂಬರ್ 16, ಢಾಕಾದಲ್ಲಿ ಪಾಕ್ ಸೇನೆ ಶರಣಾದ ದಿನ. ಪ್ರತಿ ವರ್ಷ ಅವತ್ತು ಹಳೇ ಪಲ್ಟನ್ನಿನ, ಅಂದರೆ ಸೇನಾ ತುಕಡಿಯ, ಗೆಳೆಯರು ಬರುತ್ತಾರೆ, ಕಪ್ಪು ಟ್ರಂಕು ಹೊರಗೆ ಬರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು. ಒಳಗೆ ಆ ಯುದ್ಧದ ಪೂರ್ವ ರಂಗದಲ್ಲಿದ್ದವರಿಗೆ ಕೊಟ್ಟ ಪೂರ್ವಿ ಸ್ಟಾರ್ ಪದಕ, ಮಡಿಕೆಯಲ್ಲೇ ಹರಿದ ಇನ್‌ಲ್ಯಾಂಡ್ ಲೆಟರ್‌ಗಳು, ಅಂಚು ಕಿತ್ತುಹೋದ ಎನಾಮಲ್ ಮಗ್ಗು.

ಪದಕವನ್ನು ಯಾರೂ ಜಾಸ್ತಿ ಹೊತ್ತು ನೋಡುವುದಿಲ್ಲ. ಮಗ್ಗು ಮಾತ್ರ ಕೈಯಿಂದ ಕೈಗೆ ಹೋಗುತ್ತದೆ. "ಶೇವಿಂಗಿಗೂ ಇದೇ, ಚಹಾಕ್ಕೂ ಇದೇ ಅಲ್ವಾ?" ಅಂತ ಒಬ್ಬರು ಶುರು ಮಾಡಿದರೆ ಸಾಕು, ಮಾತು ಪಲ್ಟನ್ನಿನ ಹಿಂದಿ ಭಾಷೆಗೆ ಹೊರಳುತ್ತದೆ. ವಾಪಸ್ ಬಾರದವರ ಹೆಸರುಗಳೂ ಬರುತ್ತವೆ. ಮನೆಯವರ ಮುಂದೆ ಅಜ್ಜ ಎಂದೂ ಹೇಳದ ಹೆಸರುಗಳು ಅವು.

ನಿಮ್ಮ ಮನೆಯಲ್ಲೂ ಇಂಥ ಟ್ರಂಕು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಸುಮ್ನೆ ಪಕ್ಕದಲ್ಲಿ ಕೂತು, "ಇದು ಎಲ್ಲಿಂದ ತಂದಿದ್ದು?" ಅಂತ ಕೇಳಿ.