ಹಾಳೆ ಇ. ಕೋಲಿ: ಮೂರನೇ ಸಲ ಬಿಚ್ಚಿ ಕಟ್ಟಿದ್ದು

ತೀರ್ಥಹಳ್ಳಿ ಕಡೆ ಮಳೆ ಹಿಡಿದು ಹತ್ತು ದಿನ ಆಯಿತು, ಇ. ಕೋಲಿ ಬ್ಯಾಕ್ಟೀರಿಯಾದ ಮೊದಲ ಮಾದರಿಗೆ ಬೂಷ್ಟು ಬಂದಿದೆ. ಅಡಿಕೆ ಹಾಳೆ ಸರಿಯಾಗಿ ಒಣಗುವ ಮೊದಲೇ ಸುತ್ತಿ ಅಂಟಿಸಿದ್ದೆ. ಈ ಸಲ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಇಟ್ಟು, ಕಲ್ಲು ಹೇರಿ ಚಪ್ಪಟೆ ಮಾಡಿಕೊಂಡೆ. ಉದ್ದ ಎರಡಡಿ, ಬಾಲಗಳಿಗೆ ತೆಂಗಿನ ಗರಿಯ ಕಡ್ಡಿ.

ಆದರೆ ಬಿಚ್ಚಿದ್ದು ಬೂಷ್ಟಿಗಲ್ಲ, ಅಕ್ಕನ ಮಗಳ ಪ್ರಶ್ನೆಗೆ. ನಾನು ಮೈತುಂಬ ಮುಳ್ಳು ಚುಚ್ಚಿ, ಯಾವಾಗಲೂ ಯುದ್ಧಕ್ಕೆ ನಿಂತಂತೆ ಮಾಡಿದ್ದೆ. ಅವಳು ನೋಡಿ, "ಮಾವ, ಅದಕ್ಕೆ ಕಣ್ಣಿಲ್ಲ ಅಲ್ವಾ, ಹೊಟ್ಟೆಯೊಳಗೆ ಬಂದೆ ಅಂತ ಹೇಗೆ ಗೊತ್ತಾಗತ್ತೆ?" ಅಂದಳು. ಇಡೀ ವಿಷಯ ಇರುವುದೇ ಅಲ್ಲಿ.

ನಾನು ಮಾಡುತ್ತಿರುವುದು ಇ. ಕೋಲಿ ಒ157:ಎಚ್7. 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ಆದಾಗ ಗುರುತಿಸಿದ್ದು. ದನದ ಕರುಳಲ್ಲಿ ಸುಮ್ನೆ ಇರುತ್ತದೆ, ದನಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಮಗೆ ನೂರಕ್ಕಿಂತ ಕಡಿಮೆ ಜೀವಕೋಶ ಹೊಟ್ಟೆಗೆ ಹೋದರೂ ಸಾಕು. ಆಯುಧ, ಅಂದರೆ ವಿಷ ಮತ್ತು ಕರುಳಿಗೆ ಅಂಟಿಕೊಳ್ಳುವ ಸಲಕರಣೆ, ತಯಾರಿಸಲು ಅದಕ್ಕೂ ಖರ್ಚಿದೆ. ಹಾಗಾಗಿ ತಾನು ಎಲ್ಲಿದ್ದೇನೆ ಅಂತ ಮೊದಲು ತಡವಿ ನೋಡುತ್ತದೆ. ತಡವುವ ಕೈಯೇ ರಿಸೆಪ್ಟರ್. (ಕನ್ನಡದಲ್ಲಿ 'ಗ್ರಾಹಕ' ಅನ್ನುತ್ತಾರೆ, ಅಂಗಡಿ ಗಿರಾಕಿ ನೆನಪಾಗುವುದರಿಂದ ನಾನು ರಿಸೆಪ್ಟರ್ ಅಂತಲೇ ಬರೆಯುತ್ತೇನೆ.)

ಎರಡನೇ ಮಾದರಿಯಲ್ಲಿ ಹಾಕಿದ್ದು ಕ್ಯೂಎಸ್‌ಇಸಿ ಅನ್ನುವ ರಿಸೆಪ್ಟರ್ ಒಂದನ್ನೇ. ನಮ್ಮ ದೇಹದ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಬಂದು ತಾಗಿದರೆ ಅದು ಎಚ್ಚರವಾಗಿ ಒಳಗಿನ ಪ್ರೋಟೀನುಗಳಿಗೆ ಫಾಸ್ಫೇಟ್ ದಾಟಿಸುತ್ತದೆ, ಅವು ಆಯುಧದ ಜೀನುಗಳನ್ನು ಚಾಲೂ ಮಾಡುತ್ತವೆ. ನಮ್ಮದೇ ಹಾರ್ಮೋನಿನ ಮಾತನ್ನು ಬ್ಯಾಕ್ಟೀರಿಯಾ ಕದ್ದು ಕೇಳುತ್ತದೆ! ಮೊದಲ ಸಲ ಓದಿದಾಗ ಆ ಪುಟ ಬಿಟ್ಟು ಮುಂದೆ ಹೋಗಲಾಗಲಿಲ್ಲ. ಗೋಟಡಿಕೆ ಕೊರೆದು ಆಯಸ್ಕಾಂತ ಕೂರಿಸಿದೆ, ಅದು ನಾರ್‌ಅಡ್ರಿನಲಿನ್. ಹತ್ತಿರ ತಂದರೆ ರೀಡ್ ಸ್ವಿಚ್ ಕೂಡಿ ಕೆಂಪು ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಇನ್ನೊಂದು ವಿಷಯ, ಈ ರಿಸೆಪ್ಟರ್ ಇರುವುದು ಒಳಪದರದಲ್ಲಿ, ತೀರಾ ಹೊರಗಲ್ಲ. ಅದಕ್ಕೇ ಹಾಳೆ ಎರಡು ಪದರ ಮಾಡಿ ಹೊರಗಿನದಕ್ಕೆ ತೂತು ಕೊರೆದೆ.

ಮೂರನೆಯದು ಬೇಕಾಗಿದ್ದು ಫ್ಯೂಕೋಸ್‌ಗೆ. ಕರುಳಿನ ಲೋಳೆಯಿಂದ ಅಲ್ಲಿನ ಬೇರೆ ಬ್ಯಾಕ್ಟೀರಿಯಾಗಳು ಈ ಸಕ್ಕರೆಯನ್ನು ಕತ್ತರಿಸಿ ಬಿಡುತ್ತವೆ. ಫಸ್‌ಕೆ ಅನ್ನುವ ರಿಸೆಪ್ಟರ್ ಅದರ ರುಚಿ ಹಿಡಿದರೆ ಆಯುಧದ ಜೀನುಗಳನ್ನು ಅದುಮಿಡುತ್ತದೆ, ಅಂದರೆ ಇನ್ನೂ ಲೋಳೆಯಲ್ಲೇ ಇದ್ದೀಯ, ಗೋಡೆ ಮುಟ್ಟಿಲ್ಲ, ಈಗಲೇ ಖರ್ಚು ಬೇಡ ಅಂತ. 2012ರಲ್ಲಿ ಗೊತ್ತಾಗಿದ್ದು. ಇದಕ್ಕೆ ಮೂರು ಕಾಲಿನ ರೀಡ್ ಸ್ವಿಚ್ ತರಿಸಿ, ಆಯಸ್ಕಾಂತ ಬಂದರೆ ಸರ್ಕ್ಯೂಟ್ ಕಡಿಯುವ ಹಾಗೆ ಜೋಡಿಸಿದೆ. ಒಂದರ ಆಯಸ್ಕಾಂತ ಇನ್ನೊಂದನ್ನೂ ಎಳೆಯುತ್ತಿತ್ತು, ಎರಡು ಸಂಜೆ ಅದರಲ್ಲೇ ಹೋಯಿತು. ಒಂದು ಗೇಣು ದೂರ ಮಾಡಿದ ಮೇಲೆ ಸರಿಯಾಯಿತು.

ಎಲ್ಇಡಿ209 ಅನ್ನುವ ಅಣುವನ್ನೂ ತೋರಿಸಬೇಕು. ಹೆಸರು ಹಾಗಿದ್ದರೂ ದೀಪಕ್ಕೂ ಅದಕ್ಕೂ ಸಂಬಂಧವಿಲ್ಲ. 2008ರಲ್ಲಿ ಪ್ರಕಟವಾದ ಕೆಲಸ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಕ್ಯೂಎಸ್‌ಇಸಿಯ ಕಿವಿ ಮುಚ್ಚುತ್ತದೆ. ಒ157ಕ್ಕೆ ಕೆಲವು ಆಂಟಿಬಯಾಟಿಕ್ ಕೊಟ್ಟರೆ ವಿಷ ಇನ್ನೂ ಜಾಸ್ತಿ ಹೊರಬರಬಹುದು, ಹಾಗಾಗಿ ಕಿವಿ ಮುಚ್ಚುವ ದಾರಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮಾದರಿಯಲ್ಲಿ ಅದು ತೂತಿಗೆ ಸರಿಯಾಗಿ ಕೂರುವ ದಪ್ಪ ಬಿರಡೆ, ಹಾಕಿದರೆ ಗೋಟಡಿಕೆ ಸ್ವಿಚ್‌ ಹತ್ತಿರ ಹೋಗುವುದಿಲ್ಲ.

ಬಾಕಿ ಇರುವುದು ಟಿರ್. ಇದು ಬ್ಯಾಕ್ಟೀರಿಯಾ ತಾನೇ ತಯಾರಿಸಿ, ಸೂಜಿಯಂಥ ಕೊಳವೆಯಿಂದ ನಮ್ಮ ಜೀವಕೋಶಕ್ಕೆ ತಳ್ಳುವ ರಿಸೆಪ್ಟರ್. ಪಕ್ಕದ ಮನೆ ಅಂಗಳದಲ್ಲಿ ತನ್ನ ಗೂಟ ಹುಗಿದು ಅದಕ್ಕೇ ತನ್ನ ಹಗ್ಗ ಕಟ್ಟಿದ ಹಾಗೆ. ಹಗ್ಗ ಅಂದರೆ ಬ್ಯಾಕ್ಟೀರಿಯಾದ ಮೈಮೇಲಿನ ಇಂಟಿಮಿನ್ ಅನ್ನುವ ಪ್ರೋಟೀನ್. ಆಮೇಲೆ ನಮ್ಮ ಜೀವಕೋಶವೇ ತನ್ನ ಆಕ್ಟಿನ್ ಅನ್ನುವ ಪ್ರೋಟೀನ್ ಪೇರಿಸಿ ಅದಕ್ಕೆ ಜಗಲಿ ಎತ್ತಿಕೊಡುತ್ತದೆ. ಜಗಲಿಯನ್ನು ಜೇಡಿಮಣ್ಣಲ್ಲಿ ಮಾಡೋಣ ಅಂತ ಅಕ್ಕನ ಮಗಳು ಹೇಳಿದ್ದಾಳೆ, ಆದರೆ ಈ ಮಳೆಯಲ್ಲಿ ಮಣ್ಣು ಒಣಗಬೇಕಲ್ಲ, ಅದನ್ನೂ ಅಟ್ಟಕ್ಕೇ ಏರಿಸಬೇಕು.